ಸೂಪರ್ 8 ಮನೆಚಿತ್ರಗಳನ್ನು ಅಗಲ ಪರದೆಗೆ ಇಳಿಸುವಾಗ ಚಿತ್ರದ ಮೇಲೂ ಕೆಳಗೂ ಕತ್ತರಿಸಿ ಹೋಗಿದೆ, ಮತ್ತೆ ಸ್ಕ್ಯಾನ್ ಮಾಡಿಸಬೇಕೆ?

ಹಳೇಪೆಟ್ಟಿಗೆ ಕೇಳಿದ ಪ್ರಶ್ನೆ

ನಮಸ್ಕಾರ. ಈ ವಿಷಯದಲ್ಲಿ ಅನುಭವವಿರುವವರ ಸಲಹೆ ಬೇಕಾಗಿದೆ. ನನ್ನ ತಂದೆಯವರು ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಕೊಂಡ ಸೂಪರ್ 8 (ಮನೆಚಿತ್ರಗಳಿಗೆ ಬಳಸುತ್ತಿದ್ದ ಸಣ್ಣ ಅಳತೆಯ ಫಿಲಂ) ಕ್ಯಾಮೆರಾದಲ್ಲಿ ಅವರು ತೆಗೆದ 11 ರೀಲುಗಳು, ಅದಕ್ಕೂ ಹಿಂದೆ ದೊಡ್ಡಪ್ಪನವರು ಮೈಸೂರಿನಲ್ಲಿ ತೆಗೆದ ಹಳೆಯ 8 ಮಿ.ಮೀ. ಅಳತೆಯ 4 ರೀಲುಗಳು ಈಗ ನನ್ನ ಬಳಿ ಇವೆ. ಕಳೆದ ತಿಂಗಳು ಇವನ್ನು ಡಿಜಿಟಲ್ ಮಾಡಿಸಲು ಕೊಟ್ಟಾಗ, ಟಿ.ವಿ. ತುಂಬ ಬರುವ ಹಾಗೆ ಮಾಡಿಕೊಡಲೇ ಎಂದು ಅಂಗಡಿಯವರು ಕೇಳಿದರು. ಅದರ ಅರ್ಥ ಸರಿಯಾಗಿ ತಿಳಿಯದೆ ನಾನು ಹೂಂ ಎಂದುಬಿಟ್ಟೆ.

ಈಗ 1920 × 1080ರ ಫೈಲುಗಳು ಬಂದಿವೆ. 1981ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆಂದೇ ತಂದೆಯವರು ಊರಿಗೆ ಬಂದಿದ್ದರು. ಅಂದಿನ ರೀಲಿನಲ್ಲಿ ಗೊಮ್ಮಟನ ಹುಬ್ಬಿನ ಮೇಲಿನ ಭಾಗವೇ ಇಲ್ಲ. ಕಲಶ ಸುರಿಯುವವರಾಗಲಿ, ಅವರು ನಿಂತ ಅಟ್ಟಣಿಗೆಯಾಗಲಿ ಕಾಣುವುದಿಲ್ಲ, ಹಾಲು ಮಾತ್ರ ಪರದೆಯ ಮೇಲಂಚಿನಿಂದ ಇಳಿಯುತ್ತದೆ. ಇನ್ನೊಂದು ರೀಲಿನಲ್ಲಿ ನಮ್ಮ ಅಜ್ಜಿ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಾರೆ. ಬಾಗಿದ ಬೆನ್ನು, ಮೊಣಕೈ ಎಲ್ಲವೂ ಇವೆ, ಆದರೆ ಬೆರಳುಗಳೂ ರಂಗೋಲಿಯೂ ಕೆಳಗಡೆ ಕತ್ತರಿಸಿ ಹೋಗಿವೆ. ದೊಡ್ಡಪ್ಪನವರ ರೀಲುಗಳಲ್ಲಿ ಹಾಗೆ ಕತ್ತರಿಸಿದಂತಿಲ್ಲ, ಬದಲಿಗೆ ಎಲ್ಲರೂ ದಪ್ಪಗೆ, ಗಿಡ್ಡಗೆ ಕಾಣುತ್ತಾರೆ. ಎಲ್ಲ ರೀಲುಗಳಲ್ಲೂ ಜನ ಓಡಿದ ಹಾಗೆ ನಡೆಯುತ್ತಾರೆ.

ಕತ್ತರಿಸಿದ ಭಾಗ ಮೂಲ ಫಿಲಂನಲ್ಲಿ ಇರುತ್ತದೆಯೇ? ಇದ್ದರೆ, ಈಗಿನ ಅಗಲ ಟಿ.ವಿ.ಗೆ ಹೊಂದುವಂತೆ ಅದನ್ನು ತರಿಸುವ ಸರಿಯಾದ ಕ್ರಮ ಯಾವುದು?

ಬೆಳಕಿಂಡಿ ಬರೆದ ಉತ್ತರ

ಇರುತ್ತದೆ, ಆ ಬಗ್ಗೆ ಚಿಂತೆ ಬೇಡ. ಫಿಲಂಗೆ ಯಾರೂ ಕತ್ತರಿ ಹಾಕಿಲ್ಲ, ಫೈಲಿನಲ್ಲಿ ಮಾತ್ರ ಕತ್ತರಿಸಿದ್ದಾರೆ. ನಿಮಗಾಗಿರುವ ತೊಂದರೆಗಳು ಮೂರು, ಮೂರಕ್ಕೂ ಪರಿಹಾರ ಬೇರೆ ಬೇರೆ.

ದೊಡ್ಡಪ್ಪನವರ ರೀಲುಗಳದು ಎಲ್ಲಕ್ಕಿಂತ ಸುಲಭ. ಅಲ್ಲಿ 4:3ರ (ಅಗಲ 4 ಪಾಲು, ಎತ್ತರ 3 ಪಾಲು) ಚಿತ್ರವನ್ನು ಅಡ್ಡಕ್ಕೆ ಎಳೆದು ಈಗಿನ ಟಿ.ವಿ.ಯಂತೆ 16:9 ಮಾಡಿದ್ದಾರೆ, ಅಂದರೆ ಪ್ರತಿಯೊಬ್ಬರೂ ಮೂರನೇ ಒಂದರಷ್ಟು ಹೆಚ್ಚು ಅಗಲವಾಗಿದ್ದಾರೆ. ಎಡಿಟಿಂಗ್ ತಂತ್ರಾಂಶದಲ್ಲಿ ಅದೇ ಫೈಲಿನ ಅಗಲವನ್ನು 1920ರಿಂದ 1440ಕ್ಕೆ ಕುಗ್ಗಿಸಿದರೆ ಎಲ್ಲರೂ ತಮ್ಮ ನಿಜವಾದ ಮೈಕಟ್ಟಿಗೆ ಮರಳುತ್ತಾರೆ. ಎಳೆದದ್ದನ್ನು ಹೀಗೆ ಹಿಂದಕ್ಕೆ ತರಬಹುದು, ಕತ್ತರಿಸಿದ್ದನ್ನು ತರಲಾಗುವುದಿಲ್ಲ.

ಎರಡನೆಯದು ವೇಗ. ಸೂಪರ್ 8ರ 50 ಅಡಿ ರೀಲಿನಲ್ಲಿ 3600 ಚೌಕಟ್ಟುಗಳು, ಅಂದರೆ ಬಿಡಿ ಚಿತ್ರಗಳು, ಇರುತ್ತವೆ. ಮಾತಿಲ್ಲದ ಮನೆಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 18ರಂತೆ ತೆಗೆಯುತ್ತಿದ್ದುದರಿಂದ ಅದು 3 ನಿಮಿಷ 20 ಸೆಕೆಂಡು ಓಡಬೇಕು. ನಿಮ್ಮ ಫೈಲು 2 ನಿಮಿಷ 24 ಸೆಕೆಂಡಿಗೆ ಮುಗಿಯುತ್ತಿದ್ದರೆ, ಸ್ಕ್ಯಾನ್ ಆದ ಚೌಕಟ್ಟುಗಳನ್ನು ನೇರವಾಗಿ ಸೆಕೆಂಡಿಗೆ 25ರಂತೆ ಜೋಡಿಸಿದ್ದಾರೆ ಎಂದರ್ಥ. ಚೌಕಟ್ಟುಗಳೆಲ್ಲ ಇರುವುದರಿಂದ ವೇಗವನ್ನು 18ಕ್ಕೆ ಇಳಿಸಿದರೆ ಸಾಕು. ಹಳೆಯ 8 ಮಿ.ಮೀ. ರೀಲುಗಳಿಗೆ 16 ಇಟ್ಟು ನೋಡಿ, ಬಹುಮಟ್ಟಿಗೆ ಅದೇ ಸರಿಹೋಗುತ್ತದೆ.

ಮೂರನೆಯದಾದ ಕತ್ತರಿಸಿದ ಚಿತ್ರಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸದೆ ದಾರಿಯಿಲ್ಲ. ಆದರೆ ಈ ಸಲ ಕೇಳುವ ಕ್ರಮ ಬೇರೆಯಾಗಿರಲಿ. ಸೂಪರ್ 8 ಕ್ಯಾಮೆರಾದಲ್ಲಿ ಫಿಲಂ ಮೇಲೆ ಬೆಳಕು ಬೀಳುವ ಕಿಂಡಿ ಸುಮಾರು 5.8 ಮಿ.ಮೀ. ಅಗಲ, 4 ಮಿ.ಮೀ. ಎತ್ತರ. ಪ್ರೊಜೆಕ್ಟರಿನ ಕಿಂಡಿಯ ಅಗಲ ಅದಕ್ಕಿಂತ ಕಡಿಮೆ, ಆದ್ದರಿಂದ ಮನೆಯಲ್ಲಿ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸುತ್ತಿದ್ದ ಕಾಲದಲ್ಲೂ ಪಕ್ಕದ ಅಂಚುಗಳು ಸ್ವಲ್ಪ ಮರೆಯಾಗಿಯೇ ಇರುತ್ತಿದ್ದವು. ಫಿಲಂ ಅಂಚಿನ ತೂತುಗಳೂ ಚೌಕಟ್ಟಿನ ಗಡಿಗೆರೆಗಳೂ ಕಾಣುವಷ್ಟು ಅಗಲವಾಗಿ ಓವರ್‌ಸ್ಕ್ಯಾನ್ ಮಾಡಿಕೊಡಿ ಎಂದು ಕೇಳಿದರೆ ಆ ಅಂಚುಗಳೂ ಸಿಗುತ್ತವೆ. ಇದರಿಂದ ನಿಮಗೆ ನೇರವಾದ ಲಾಭವಿದೆ: 4:3ರ ಚಿತ್ರವನ್ನು 16:9ಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ, ಕ್ಯಾಮೆರಾ ಹಿಡಿದ ಪೂರ್ತಿ ಅಗಲವನ್ನು ಬಳಸಿದರೆ ಐದನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ ಹೋಗುತ್ತದೆ. ಅಜ್ಜಿಯ ಬೆರಳು ಚೌಕಟ್ಟಿನೊಳಗೆ ಉಳಿಯಲು ಕೆಲವೊಮ್ಮೆ ಅಷ್ಟು ಅಂತರವೇ ಸಾಕಾಗುತ್ತದೆ.

ಚಿತ್ರದ ಅಗಲಕ್ಕೆ 2000 ಪಿಕ್ಸೆಲ್‌ಗಿಂತ ಹೆಚ್ಚು ಬರುವಂತೆ ಸ್ಕ್ಯಾನ್ ಆಗಲಿ. 1440 × 1080ರಲ್ಲಿ ಪಡೆದು ಆಮೇಲೆ ಕತ್ತರಿಸಿದರೆ 1440 × 810 ಮಾತ್ರ ಉಳಿದು, ಅದನ್ನು ಮತ್ತೆ ಹಿಗ್ಗಿಸಬೇಕಾಗುತ್ತದೆ. ರೀಲುಗಳು ಕೊಡಾಕ್ ಕಂಪನಿಯ ಕೊಡಾಕ್ರೋಮ್ ಬಣ್ಣದ ಫಿಲಂ ಆಗಿದ್ದರೆ, ಇನ್‌ಫ್ರಾರೆಡ್ ಬೆಳಕಿನಿಂದ ಧೂಳನ್ನು ಗುರುತಿಸಿ ಅಳಿಸುವ ಸೌಲಭ್ಯವನ್ನು ಬಳಸಬಾರದೆಂದು ಬರೆದುಕೊಡಿ. ಆ ಫಿಲಂನ ಬಣ್ಣದ ಪದರಗಳೇ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದರಿಂದ ಯಂತ್ರ ಚಿತ್ರದ ಭಾಗವನ್ನೇ ಕಸವೆಂದು ತಿಳಿದು ಅಳಿಸಿಬಿಡಬಹುದು.

ತುಂಗಾತೀರ ಬರೆದ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ. ಪೂರ್ತಿ ಚೌಕಟ್ಟು ಕೈಗೆ ಬಂದ ಮೇಲೆ ಏನು ಮಾಡಬೇಕೆಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಸ್ಕ್ಯಾನಿಂಗ್‌ಗಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ ಅಲ್ಲಿರುತ್ತದೆ.

ನಿಮ್ಮ ಅಂಗಡಿಯವರು ಎಲ್ಲ ದೃಶ್ಯಗಳಿಗೂ ನಡುಭಾಗವನ್ನೇ ಉಳಿಸಿ ಮೇಲೂ ಕೆಳಗೂ ಸಮನಾಗಿ ಕತ್ತರಿಸಿದ್ದಾರೆ. ಮನೆಚಿತ್ರಗಳಲ್ಲಿ ಮುಖ್ಯವಾದದ್ದು ನಡುವೆಯೇ ಇರುತ್ತದೆಂಬ ನಿಯಮವಿಲ್ಲ. ಪ್ರತಿಯೊಂದು ದೃಶ್ಯವನ್ನೂ ಬೇರೆಯಾಗಿ ನೋಡಿ ತೀರ್ಮಾನಿಸಬೇಕು. ಎಡಿಟಿಂಗ್ ತಂತ್ರಾಂಶದ 1920 × 1080ರ ಟೈಮ್‌ಲೈನಿನಲ್ಲಿ 4:3ರ ಚಿತ್ರವನ್ನು ಅಗಲ ತುಂಬುವಂತೆ ಇಟ್ಟರೆ ಅದರ ಎತ್ತರ 1440 ಆಗುತ್ತದೆ, ಹೆಚ್ಚುವರಿ 360 ಗೆರೆಗಳನ್ನು ಎಲ್ಲಿ ಬಿಡಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ರಂಗೋಲಿಯ ದೃಶ್ಯದಲ್ಲಿ ಮೇಲಿನ ಸೂರು, ಗೋಡೆ ಹೋದರೆ ಏನೂ ನಷ್ಟವಿಲ್ಲ, ಆದ್ದರಿಂದ ಪೂರ್ತಿ 360ನ್ನೂ ಮೇಲಿನಿಂದಲೇ ತೆಗೆಯಿರಿ. ನಾನು ನಮ್ಮ ಮನೆಯ ಮದುವೆಯೊಂದರ ರೀಲಿಗೆ ಹೀಗೆ ಮಾಡಿದಾಗ, ಮಂಟಪದ ದೃಶ್ಯಗಳಲ್ಲಿ ಮೇಲಿನ ತೋರಣ ಬಿಟ್ಟು ಧಾರೆ ಎರೆಯುವ ಕೈಗಳನ್ನು ಉಳಿಸಿಕೊಂಡೆ. ಪಂಕ್ತಿಯ ಊಟದ ದೃಶ್ಯ ಯಾವ ಬದಲಾವಣೆಯನ್ನೂ ಬೇಡಲಿಲ್ಲ, ಸಾಲಾಗಿ ಕುಳಿತವರು ಅಗಲ ಚೌಕಟ್ಟಿಗೆ ಹೇಳಿಮಾಡಿಸಿದಂತಿದ್ದರು.

ಕ್ಯಾಮೆರಾವನ್ನೇ ಪಾದದಿಂದ ಶಿರದವರೆಗೆ ಮೇಲಕ್ಕೆ ಆಡಿಸಿ ತೆಗೆದ ದೃಶ್ಯವಿದ್ದರೆ ಕತ್ತರಿಸುವ ಜಾಗವನ್ನು ಒಂದೇ ಕಡೆ ನಿಲ್ಲಿಸಿ, ಆ ಚಲನೆಯೇ ಎಲ್ಲವನ್ನೂ ತೋರಿಸುತ್ತದೆ. ಅದರ ಮೇಲೆ ನೀವೂ ಕಂಪ್ಯೂಟರಿನಲ್ಲಿ ಇನ್ನೊಂದು ಚಲನೆ ಸೇರಿಸಿದರೆ ನೋಡುವವರಿಗೆ ತೇಲಿದಂತಾಗುತ್ತದೆ. ಆದರೆ 50 ಅಡಿಗೂ ಮೀರಿದ ನಿಂತ ಮೂರ್ತಿಯನ್ನು ಅಲುಗಾಡದೆ ಹಿಡಿದ ದೃಶ್ಯಕ್ಕೆ ಅಗಲ ಚೌಕಟ್ಟು ಹೊಂದುವುದೇ ಇಲ್ಲ. ಅಲ್ಲಿ ಮೇಲೆ ಕತ್ತರಿಸಿದರೆ ಅಭಿಷೇಕವಿಲ್ಲ, ಕೆಳಗೆ ಕತ್ತರಿಸಿದರೆ ಹಾಲು ಹರಿದು ಬರುವ ಪಾದವಿಲ್ಲ. ಅಂಥ ದೃಶ್ಯವನ್ನು ಎರಡೂ ಪಕ್ಕ ಕಪ್ಪು ಪಟ್ಟಿ ಬಿಟ್ಟು ಪೂರ್ತಿಯಾಗಿಯೇ ತೋರಿಸಿ.

ಕೊಡಚಾದ್ರಿ ಬರೆದ ಉತ್ತರ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಗಲದ ಪ್ರತಿ ಬೇಕಾದರೆ ಮಾಡಿಕೊಳ್ಳಿ, ಆದರೆ ಅದು ಹಬ್ಬದ ದಿನ ನೆಂಟರಿಗೆ ತೋರಿಸುವ ಪ್ರತಿಯಾಗಿರಲಿ. ಮನೆಯಲ್ಲಿ ಉಳಿಯಬೇಕಾದದ್ದು ಕತ್ತರಿಸದ, ತೂತುಗಳ ಸಮೇತವಾದ ಓವರ್‌ಸ್ಕ್ಯಾನ್ ಪ್ರತಿ. ಅದನ್ನು ಗಾತ್ರ ಕಡಿಮೆ ಮಾಡಲೆಂದು ಹೆಚ್ಚು ಒತ್ತದ (ಕಂಪ್ರೆಸ್ ಮಾಡದ) ಪ್ರೊರೆಸ್‌ನಂಥ ವಿಡಿಯೊ ಫೈಲಾಗಿ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಬೇರೆ ಬೇರೆ ಮನೆಗಳಲ್ಲಿ ಇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಮಾವನವರ ರೀಲುಗಳನ್ನೂ ಹೀಗೆಯೇ ಟಿ.ವಿ. ತುಂಬುವಂತೆ ಮಾಡಿಸಿ, ಮೂಲವನ್ನು ಅಟ್ಟದ ಮೇಲಿನ ಟ್ರಂಕಿನಲ್ಲಿ ಇಟ್ಟೆವು. ಕೆಲವು ವರ್ಷಗಳ ನಂತರ ತೆರೆದಾಗ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಸೆಕೆ ಮತ್ತು ತೇವಕ್ಕೆ ಅಸಿಟೇಟ್ ಫಿಲಂ ಹೀಗೆ ಕೆಡುತ್ತದೆ, ಒಮ್ಮೆ ಶುರುವಾದರೆ ತಾನೇ ತಾನಾಗಿ ಹೆಚ್ಚುತ್ತ ಹೋಗುತ್ತದೆ. ಫಿಲಂ ಕುಗ್ಗಿ ಸುರುಳಿಯಾಗಿದ್ದುದರಿಂದ ಯಾವ ಯಂತ್ರಕ್ಕೂ ಏರಲಿಲ್ಲ. ಈಗ ನಮ್ಮಲ್ಲಿರುವುದು ಕತ್ತರಿಸಿದ ಫೈಲೊಂದೇ, ಅದರಲ್ಲಿ ಅತ್ತೆಯವರ ಮುಖ ಹಣೆಯ ಕುಂಕುಮದವರೆಗೆ ಮಾತ್ರ ಇದೆ. ನಿಮ್ಮ ರೀಲುಗಳನ್ನು ಇವತ್ತೇ ಮೂಸಿ ನೋಡಿ, ಹುಳಿ ವಾಸನೆ ಬರುವವನ್ನು ಬೇರೆಯಿಟ್ಟು ಮೊದಲು ಕಳುಹಿಸಿ.

ಒಂದು ಸಣ್ಣ ವಿಷಯ. ಯಾವುದಾದರೂ ರೀಲಿನಲ್ಲಿ ಎಲ್ಲರೂ ಅಸಹಜವಾಗಿ ತೆಳ್ಳಗೆ, ಉದ್ದಗೆ ಕಂಡರೆ ಅದನ್ನು ಅನಾಮಾರ್ಫಿಕ್ ಲೆನ್ಸ್ (ಅಗಲ ದೃಶ್ಯವನ್ನು ಅಡ್ಡಕ್ಕೆ ಕುಗ್ಗಿಸಿ ಹಿಡಿಯುವ ಲೆನ್ಸ್) ಹಾಕಿ ತೆಗೆದಿರಬಹುದು. ಅಂಥದ್ದನ್ನು ಮಾತ್ರ ಅಡ್ಡಕ್ಕೆ ಹಿಗ್ಗಿಸುವುದು ಸರಿ, ಲೆನ್ಸ್ 1.5 ಪಟ್ಟಿನದಾದರೆ 4:3ರ ಚಿತ್ರ 2:1 ಆಗುತ್ತದೆ. ಮನೆಚಿತ್ರಗಳಲ್ಲಿ ಇದು ಅಪರೂಪ.

ಹಳೇಪೆಟ್ಟಿಗೆ ಬರೆದ ಮರುನುಡಿ

ಮೂವರಿಗೂ ಹೃದಯಪೂರ್ವಕ ಧನ್ಯವಾದಗಳು. ಫೈಲುಗಳು ನೀವು ಹೇಳಿದಂತೆ 2 ನಿಮಿಷ 24 ಸೆಕೆಂಡಿನವೇ ಆಗಿವೆ, ವೇಗವನ್ನು 18ಕ್ಕೆ ಇಳಿಸಿದ ಕೂಡಲೇ ಅಮ್ಮನ ನಡಿಗೆಯ ಗುರುತು ಸಿಕ್ಕಿತು. ದೊಡ್ಡಪ್ಪನವರ ಎರಡು ರೀಲುಗಳಿಗೆ ಸಣ್ಣಗೆ ಹುಳಿ ವಾಸನೆ ಬರುತ್ತಿದೆ, ಅವನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ನಿನ್ನೆ ಬೆಳಿಗ್ಗೆ 1981ರ ರೀಲನ್ನು ಅಂಚು ಹಿಡಿದು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಗೊಮ್ಮಟನ ಗುಂಗುರು ಕೂದಲೂ ಇದೆ, ಅದರ ಹಿಂದೆ ಅಟ್ಟಣಿಗೆಯ ಅಡ್ಡಗಳುಗಳೂ, ಅವುಗಳ ಮೇಲೆ ಚುಕ್ಕೆಗಳಂತೆ ಜನರೂ ಇದ್ದಾರೆ. ತಂದೆಯವರನ್ನು ಕೇಳಿದಾಗ, ಪಾದದಿಂದ ಕಲಶದವರೆಗೆ ಒಂದೇ ನೋಟದಲ್ಲಿ ಬರಬೇಕೆಂದು ಬೆನ್ನು ಗೋಡೆಗೆ ತಾಗುವವರೆಗೂ ಹಿಂದಕ್ಕೆ ಸರಿದು ತೆಗೆದೆ ಎಂದರು. ಆ ದೃಶ್ಯವನ್ನು ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟು ಪೂರ್ತಿಯಾಗಿಯೇ ಇಡುತ್ತೇನೆ. ಹದಿನೈದೂ ರೀಲುಗಳನ್ನು ಸೋಮವಾರ ಓವರ್‌ಸ್ಕ್ಯಾನಿಗೆ ಕಳುಹಿಸುತ್ತಿದ್ದೇನೆ, ಹುಳಿ ವಾಸನೆಯವನ್ನು ಮೊದಲು ಮಾಡಬೇಕೆಂದು ಡಬ್ಬಿಯ ಮೇಲೆ ಬರೆದಿದ್ದೇನೆ.