ಸುಮಾ ಕೇಳಿದ ಸಿಮ್ ಕ್ಯಾಮೆರಾ ವಿಷಯಕ್ಕೆ ದೊಡ್ಡಮ್ಮನ ಉತ್ತರ

ಸುಮಾ, ನಾನು ದೊಡ್ಡಮ್ಮ. ಟೈಪ್ ಮಾಡಲು ಅಕ್ಷರ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ನಮ್ಮ ಮನೆಯವರ ಈ ಗ್ರೂಪಿನಲ್ಲಿರುವ ಉಳಿದವರೂ ಕೇಳಿ, ಅರ್ಧಕ್ಕೆ ನಿಲ್ಲಿಸಬೇಡಿ.

ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋದಮೇಲೆ ತೋಟದ ಮನೆಗೆ ಬೀಗ. ಮೊನ್ನೆ ಹಿತ್ತಲ ಬಾಗಿಲ ಚಿಲಕ ಯಾರೋ ಮೀಟಿದ ಗುರುತು ಸಿಕ್ಕಿದೆ, ಅಲ್ಲಿ ವೈಫೈ ಇಲ್ಲ, ಸಿಮ್ ಹಾಕುವ ಕ್ಯಾಮೆರಾ ಹಾಕಿಸಿದರೆ ನೆಮ್ಮದಿಯಿಂದ ಇರಬಹುದಾ ಅಂತ ಕೇಳಿದ್ದೀಯ. ಹಾಕಿಸು, ಬೇಡ ಅನ್ನುವುದಿಲ್ಲ. ಆದರೆ ನೆಮ್ಮದಿ ಅಂದೆಯಲ್ಲ, ನನಗೆ ಭಯ ಆಗಿದ್ದು ಅಲ್ಲೇ.

ನಮ್ಮನೆ ಅಡಿಕೆ ಕಳವಾದ ಕಥೆ ನಿಮಗೆಲ್ಲ ಗೊತ್ತು. ಆದರೆ ಅರ್ಧ ಗೊತ್ತು. ರಾಶಿ ಅಡಿಕೆಗೆ ಕ್ವಿಂಟಲ್‌ಗೆ ಐವತ್ತು ಸಾವಿರ ದಾಟಿತ್ತು, ಇನ್ನೂ ಏರಲಿ ಅಂತ ಮೂಟೆಗಳನ್ನು ಉಪ್ಪರಿಗೆಯಲ್ಲೇ ಇಟ್ಟಿದ್ದೆವು. ನನ್ನ ಮಗ ರಮೇಶ ಪುಣೆಯಿಂದ ಬಂದವನು ಸೋಲಾರ್ ಪ್ಲೇಟು, ಸಿಮ್ಮು, ಮೆಮೊರಿ ಕಾರ್ಡು ಎಲ್ಲ ಇರುವ ಕ್ಯಾಮೆರಾ ತಂದು ಜಗಲಿ ಕಂಬಕ್ಕೆ ಹಾಕಿಸಿದ. ಕೈಗೆ ಎಟುಕುವ ಎತ್ತರ. ಮೇಲೆ ಹಾಕಿಸೋ ಅಂದೆ. ಏಣಿ ಯಾರು ತರುತ್ತಾರೆ ಅಂದ. ನಾನು ಮಂಡಿ ನೋವಿಗೆ ಔಷಧಿ ಮಾಡಿಸಿಕೊಳ್ಳಲು ಶಿವಮೊಗ್ಗದ ಮಗಳ ಮನೆಗೆ ಹೋದೆ.

ಪುನರ್ವಸು ಮಳೆ. ಹೊಸನಗರದ ಕಡೆ ಆ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಕರೆಂಟ್ ಹೋಯಿತು. ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್ ಇತ್ತು, ಆಮೇಲೆ ಅದೂ ಹೋಯಿತು. ಫೋನಲ್ಲಿ 'ಆಫ್‌ಲೈನ್' ಅಂತ ಬಂತು. ರಮೇಶನಿಗೆ ಹೇಳಿದೆ, ಪಕ್ಕದ ಮನೆಯವರಿಗೆ ತಿಳಿಸಿ ನೋಡಿಸು ಅಂತ. "ಅಮ್ಮಾ, ಮಳೆ ಬಂದರೆ ಇದು ಮಾಮೂಲಿ" ಅಂದ. ಎರಡು ದಿನಕ್ಕೆ ಊರಿಗೆ ಕರೆಂಟೂ ಬಂತು, ಟವರೂ ಬಂತು. ನಮ್ಮ ಕ್ಯಾಮೆರಾ ಮಾತ್ರ ಬರಲಿಲ್ಲ. ಆಗಲೂ ಮಾಮೂಲಿನೇ! ಬಿಸಿಲಿಲ್ಲ, ಚಾರ್ಜ್ ಆಗಿಲ್ಲ ಅಂದ.

ಹೋಗಿ ನೋಡಿದರೆ ಹಂಚು ತೆಗೆದು ಇಳಿದಿದ್ದಾರೆ. ಮೂಟೆ ಇಲ್ಲ, ಕಂಬದಲ್ಲಿ ಕ್ಯಾಮೆರಾನೂ ಇಲ್ಲ. ರೆಕಾರ್ಡ್ ಆಗಿದ್ದೆಲ್ಲ ಅದರೊಳಗಿನ ಕಾರ್ಡಲ್ಲೇ ತಾನೇ? ಕಳ್ಳನ ಜೊತೆ ಸಾಕ್ಷಿಯೂ ಹೋಯಿತು. ಸ್ಟೇಷನ್ನಿನಲ್ಲಿ ವಿಡಿಯೋ ಕೊಡಿ ಅಂದರು. ಏನು ಕೊಡುವುದು?

ಅದಕ್ಕೇ ಹೇಳುವುದು. ಆಫ್‌ಲೈನ್ ಅಂತ ಬಂದರೆ ಮಳೆ ಅಂತ ಸುಮ್ನೆ ಇರಬೇಡ. ಅವತ್ತೇ ಒಬ್ಬರನ್ನು ಕಳಿಸಿ ನೋಡಿಸು.

ಇದರಲ್ಲಿ ನನಗೆ ಬೇಜಾರಾಗಿದ್ದು ಅಡಿಕೆ ಹೋಗಿದ್ದಕ್ಕಲ್ಲ. ಅಡಿಕೆಗೂ ಆಯಿತು ಅನ್ನಿ. ಈ ಗ್ರೂಪಿನಲ್ಲಿರುವ ಎಷ್ಟು ಜನರ ಫೋನಲ್ಲಿ ನಮ್ಮನೆ ಅಂಗಳ ಕಾಣುತ್ತಿತ್ತು! ಪಾಸ್‌ವರ್ಡ್ ಎಲ್ಲರ ಹತ್ತಿರ. ತುಳಸಿ ಕಟ್ಟೆ ಚೆನ್ನಾಗಿ ಕಾಣುತ್ತೆ ದೊಡ್ಡಮ್ಮ ಅಂತ ಫೋಟೋ ತೆಗೆದು ಕಳಿಸುತ್ತಿದ್ದಿರಿ. ಭೂಮಿ ಹುಣ್ಣಿಮೆಗೆ ಬಂದವರು ಯಾರು? ನಿಮ್ಮ ದೊಡ್ಡಪ್ಪನ ತಿಥಿಗೆ ಎಷ್ಟು ಎಲೆ ಹಾಕಿದೆವು, ಹೇಳಲಾ? ಕಳವಾದ ಮೇಲೆ ಮಾತ್ರ ಎಲ್ಲರ ಫೋನೂ ಬಂತು, ದೊಡ್ಡಮ್ಮ ಮನೆ ಬಿಟ್ಟು ಯಾಕೆ ಹೋದಿರಿ ಅಂತ. ಮಂಡಿ ನನ್ನದು, ನೋವೂ ನನ್ನದು. ಪಕ್ಕದ ಮನೆಯವರಿಗಂತೂ ಆ ಕ್ಯಾಮೆರಾ ಅವರ ದಣಪೆ, ಅಂದರೆ ಬೇಲಿ ಬಾಗಿಲ ಕಡೆ ತಿರುಗಿದೆ ಅಂತ ಸಿಟ್ಟು. ಅವರಿಗೆ ಒಂದು ಮಾತು ಹೇಳದೆ ಹಾಕಿಸಿದ್ದ ಮಹಾರಾಯ. ಮೊದಲಾಗಿದ್ದರೆ ನಾಯಿ ಬೊಗಳಿದರೂ ಬ್ಯಾಟರಿ ಹಿಡಿದು ಬರುತ್ತಿದ್ದರು. ನಿಮ್ಮ ಕ್ಯಾಮೆರಾ ಇದೆಯಲ್ಲ, ಅದೇ ನೋಡಿಕೊಳ್ಳಲಿ ಅಂದುಬಿಟ್ಟರು. ಅವರದ್ದು ತಪ್ಪು ಅಂತ ಹೇಗೆ ಅನ್ನಲಿ?

ಅಯ್ಯೋ, ನೀನು ಕೇಳಿದ್ದೇ ಬೇರೆ ಅಲ್ವಾ. ಯಾವುದು ತಗೊಳ್ಳಲಿ ಅಂತ. ಮೊದಲು ಕ್ಯಾಮೆರಾ ತಗೋಬೇಡ. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂರೂ ಸಿಮ್ಮಿನ ಫೋನ್ ಹಿಡಿದು, ಕ್ಯಾಮೆರಾ ಹಾಕುವ ಜಾಗದಲ್ಲೇ ನಿಂತು ವಿಡಿಯೋ ಕಾಲ್ ಮಾಡು. ಗೇಟಿನ ಹತ್ತಿರ ಸಿಗ್ನಲ್ ಇದ್ದರೆ ಪ್ರಯೋಜನ ಇಲ್ಲ. ನಿನ್ನ ಮುಖ ಆ ಕಡೆಯವರಿಗೆ ಸರಿಯಾಗಿ ಕಾಣಬೇಕು, ಯಾಕೆಂದರೆ ಕ್ಯಾಮೆರಾ ಮಾಡುವುದು ಕಳಿಸುವ ಕೆಲಸ. ಯಾವುದರಲ್ಲಿ ಕಾಲ್ ಕಡಿಯದೆ ನಡೆಯುತ್ತದೋ ಆ ಸಿಮ್ ತಗೊಂಡು, ಅದಕ್ಕೆ ಒಪ್ಪುವ 4ಜಿ ಕ್ಯಾಮೆರಾನಾ ಅಂತ ಅಂಗಡಿಯಲ್ಲೇ ಹಾಕಿಸಿ ನೋಡು. ಹೊರದೇಶದಿಂದ ಯಾರೋ ತಂದುಕೊಟ್ಟರು ಅಂತ ಹಾಕಬೇಡ, ಅಲ್ಲಿಯ ಕೆಲವು ಇಲ್ಲಿನ ನೆಟ್‌ವರ್ಕ್ ಹಿಡಿಯುವುದಿಲ್ಲ.

ಸೋಲಾರ್ ಪ್ಲೇಟನ್ನು ಅಡಿಕೆ ಮರದ ನೆರಳಿಗೆ ಹಾಕಿಸಬೇಡ. ಮಳೆಗಾಲದಲ್ಲಿ ಅದನ್ನೇ ನಂಬಲೂ ಬೇಡ, ಮನೆ ಕರೆಂಟಿನಿಂದಲೂ ಚಾರ್ಜ್ ಆಗುವ ಹಾಗೆ ವೈರ್ ಎಳೆಸು. ಸೋಗೆ ಅಲ್ಲಾಡಿದರೂ, ಮಂಗ ಬಂದರೂ ಕ್ಯಾಮೆರಾ ಎಚ್ಚರ ಆಗಿ ರೆಕಾರ್ಡ್ ಮಾಡುತ್ತದೆ, ಬ್ಯಾಟರಿಯೂ ಡೇಟಾನೂ ಸುಮ್ನೆ ಖರ್ಚು. ಬಾಗಿಲ ಕಡೆಗೆ ಮಾತ್ರ ತಿರುಗಿಸು. ಏಣಿ ಇಲ್ಲದೆ ಎಟುಕಬಾರದು. ಕಾರ್ಡಲ್ಲಷ್ಟೇ ಅಲ್ಲ, ಆನ್‌ಲೈನಲ್ಲೂ, ಕ್ಲೌಡ್ ಅನ್ನುತ್ತಾರಲ್ಲ, ಅಲ್ಲೂ ರೆಕಾರ್ಡ್ ಉಳಿಯುವ ಹಾಗೆ ದುಡ್ಡು ಕಟ್ಟು.

ಇನ್ನೊಂದು. ರೀಚಾರ್ಜ್ ಮುಗಿಯಿತು ಅಂತ ಬರುವ ಮೆಸೇಜು ಕ್ಯಾಮೆರಾ ಒಳಗಿನ ಸಿಮ್ಮಿಗೇ ಹೋಗುತ್ತದೆ. ಅದನ್ನು ಅಲ್ಲಿ ಓದುವವರು ಯಾರು? ವರ್ಷದ ಪ್ಯಾಕ್ ಹಾಕಿಸಿ ತಾರೀಕು ಬರೆದಿಡು. ಪಾಸ್‌ವರ್ಡ್ ಬದಲಿಸು, ಈ ಗ್ರೂಪಿಗೆ ಹಾಕಬೇಡ.

ಮತ್ತೆ ಹೇಳುತ್ತೇನೆ, ಆಫ್‌ಲೈನ್ ಅಂತ ಬಂದರೆ ಮಳೆ ಅಂದುಕೊಂಡು ಕೂರಬೇಡ, ಆಳನ್ನು ಕಳಿಸು. ಅದಕ್ಕೆ ಪಕ್ಕದ ಮನೆಯವರು ಬೇಕು. ಕ್ಯಾಮೆರಾ ಹಾಕಿಸುವ ಮೊದಲು ಅವರ ಮನೆಗೆ ಹೋಗಿ ಹೇಳಿ ಬಾ, ಒಂದು ಕೀನೂ ಅವರಿಗೆ ಕೊಟ್ಟು ಬಾ. ಯಾವ ಸಿಮ್ ಸಿಕ್ಕಿತು ಅಂತ ನನಗೆ ಫೋನ್ ಮಾಡು. ಮೆಸೇಜ್ ಬೇಡ.