ಅಪ್‌ಡೇಟ್: ಪುಣೆಯಲ್ಲಿ ಅಣ್ಣನ ಮನೆಯವರಿಗೆ ರೇಷನ್ ಸಿಕ್ಕಿತು

ಅಣ್ಣನ ಮನೆಯವರು ನಮ್ಮ ಇಂಡಿ ಊರಿನಿಂದ ಪುಣೆಗೆ ದುಡಿಯಲು ಹೋಗಿದ್ದಾರೆ, ವಿಜಯಪುರ ಜಿಲ್ಲೆಯ ಬಿಪಿಎಲ್ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಹೋದ ವಾರ ಕೇಳಿದ್ದೆನಲ್ಲ, ನಡೆಯಿತು! ಊರಿನ ಕಾರ್ಡಿಗೇ ಬೇರೆ ರಾಜ್ಯದಲ್ಲೂ ರೇಷನ್ ಕೊಡುವ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆ ಇದೆ, ಸುಮ್ನೆ ಹತ್ತಿರದ ರೇಷನ್ ಅಂಗಡಿಗೆ ಹೋಗಿ ಅಂದವರ ಮಾತೇ ಸರಿ. ಇಲ್ಲಿನ ಕಾರ್ಡ್ ರದ್ದು ಮಾಡಿಸಿ ಅಂದವರೂ ಇದ್ದರು, ಪುಣ್ಯಕ್ಕೆ ಕೇಳಲಿಲ್ಲ.

ಸಿಮೆಂಟ್ ಕಲಸಿ ಕಲಸಿ ವೈನಿಯ (ಅಣ್ಣನ ಹೆಂಡತಿಯ) ಹೆಬ್ಬೆರಳ ಗೆರೆಯೇ ಸವೆದಿದೆ. ಅಂಗಡಿಯ ಬೆರಳಚ್ಚಿನ ಮಷಿನ್ ನಾಲ್ಕು ಸಲ ಒಲ್ಲೆ ಅಂತು. ಕೊನೆಗೆ ಕಾರ್ಡಿನಲ್ಲಿ ಹೆಸರಿರುವ ಮಗಳು ಬೆರಳಿಟ್ಟಳು, ರಸೀದಿ ಬಂತು.

ಗೊತ್ತಿಲ್ಲದ್ದು ಒಂದಿತ್ತು. ಅಲ್ಲಿ ಸಿಗುವುದು ಕೇಂದ್ರ ಸರ್ಕಾರ ಕೊಡುವ, ತಲೆಗೆ 5 ಕೆಜಿ ಧಾನ್ಯ ಮಾತ್ರ. ನಮ್ಮ ರಾಜ್ಯ ಸರ್ಕಾರದ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಮೊದಲು ತಲೆಗೆ 170 ರೂಪಾಯಿ ಖಾತೆಗೇ ಬೀಳುತ್ತಿತ್ತು. 2025ರಲ್ಲಿ ದುಡ್ಡು ನಿಂತು ಅಕ್ಕಿಯಾಯಿತು, ರಾಜ್ಯದ ಗಡಿ ದಾಟಿದವರಿಗೆ ಅದು ತಪ್ಪಿತು. ಊರಲ್ಲಿರುವ ಅವ್ವ ಮಾತ್ರ ತನ್ನ ಪಾಲು ಇಲ್ಲೇ ತರುತ್ತಾಳೆ.