ವಿಧೇಯತೆಗೆ ಆಶೀರ್ವಾದವೇ ಫಲವೆಂದಾದರೆ, ನನ್ನ ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ಹಾಸನದ ಲೆಕ್ಕಿಗ

ಪ್ರಭುವಿನಲ್ಲಿ ಎಲ್ಲರಿಗೂ ವಂದನೆಗಳು.

ಕಳೆದ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ನಾನು ಎತ್ತಿಕೊಂಡ ವಾಗ್ದಾನದ ಕಾರ್ಡಿನಲ್ಲಿ, ಅಂದರೆ ಹೊಸ ವರ್ಷಕ್ಕೆಂದು ಒಂದು ವಚನವನ್ನು ಅಚ್ಚು ಹಾಕಿದ ಕಾರ್ಡಿನಲ್ಲಿ, ಬೈಬಲಿನ ಧರ್ಮೋಪದೇಶಕಾಂಡ 28ನೆಯ ಅಧ್ಯಾಯದ 13ನೆಯ ವಚನವಿತ್ತು. ದೇವರು ನಿನ್ನನ್ನು ತಲೆಯನ್ನಾಗಿ ಮಾಡುವನೇ ಹೊರತು ಬಾಲವನ್ನಾಗಿ ಅಲ್ಲ ಎಂಬ ಮಾತು. ನನ್ನ ಹೆಂಡತಿ ಅದನ್ನು ಬೀರುವಿನ ಕನ್ನಡಿಯ ಮೂಲೆಗೆ ಸಿಕ್ಕಿಸಿದಳು. ಆಜ್ಞೆಗಳನ್ನು ಕೈಕೊಂಡು ನಡೆದರೆ ಮಾತ್ರ ಎಂಬ ಷರತ್ತನ್ನು ಕಾರ್ಡಿನಲ್ಲಿ ಅಚ್ಚು ಹಾಕಿರಲಿಲ್ಲ. ಬೈಬಲನ್ನು ತೆರೆದು ಓದಿದಾಗ ಅದು ಕಣ್ಣಿಗೆ ಬಿತ್ತು. ಈ ವರ್ಷ ಆ ಷರತ್ತಿನ ಪ್ರಕಾರವೇ ನಡೆಯುತ್ತೇನೆಂದು ನಿರ್ಣಯ ಮಾಡಿಕೊಂಡೆ.

ನಾನು ಹನ್ನೊಂದು ವರ್ಷ ಒಂದು ವ್ಯಾಪಾರ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ವರ್ಷದ ಲೆಕ್ಕ ಮುಗಿಸುವಾಗ, ಗೋದಾಮಿಗೆ ಸರಕೇ ಬಾರದೆ ಬಿಲ್ಲು ಮಾತ್ರ ಬಂದಿದ್ದ ಕೆಲವು ಖರೀದಿಗಳನ್ನು ಪುಸ್ತಕಕ್ಕೆ ಹತ್ತಿಸಿ, ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆಯುವುದು) ತೆಗೆದುಕೊಳ್ಳಬೇಕೆಂದು ನನಗೆ ಹೇಳಿದರು. ನಾನು ಒಪ್ಪಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಕೆಲಸ ಹೋಯಿತು. ಮಾಲೀಕರೂ ವಿಶ್ವಾಸಿಗಳೇ, ನಮ್ಮ ಸಭೆಯವರೇ. ಮೊನ್ನೆ ಸುಗ್ಗಿ ಹಬ್ಬದಲ್ಲಿ, ಕಾಣಿಕೆಯಾಗಿ ಬಂದ ಬೆಳೆಗಳನ್ನು ಸಭೆಗಾಗಿ ಮಾರುವ ಹರಾಜಿನಲ್ಲಿ, ಅವರು ಒಂದು ಕುಂಬಳಕಾಯಿಯನ್ನು ಹನ್ನೆರಡು ಸಾವಿರ ರೂಪಾಯಿಗೆ ಹಿಡಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ನಾನು ಐದು ರೂಪಾಯಿಯ ಕೊತ್ತಂಬರಿ ಕಟ್ಟನ್ನೂ ಕೂಗಲಿಲ್ಲ.

ನಮ್ಮ ಹಿರಿಯರಲ್ಲಿ ಇಬ್ಬರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಎಲ್ಲಿಯೋ ಅವಿಧೇಯತೆ ಉಳಿದಿರಬೇಕು, ಉಪವಾಸವಿದ್ದು ಶೋಧಿಸಿಕೊಳ್ಳಿ ಎಂದರು. ನಡೆದದ್ದನ್ನು ಆರಾಧನೆಯಲ್ಲಿ ಸಾಕ್ಷಿಯಾಗಿ ಹೇಳಲೇ ಎಂದು ಕೇಳಿದ್ದಕ್ಕೆ, ‘ಮೊದಲು ಕೆಲಸ ಸಿಗಲಿ, ಆಮೇಲೆ ಹೇಳಿ, ಈಗ ಹೇಳಿದರೆ ಯೌವನಸ್ಥರ ನಂಬಿಕೆ ಎಡವುತ್ತದೆ’ ಎಂಬ ಉತ್ತರ ಬಂತು.

ವಿಧೇಯತೆಯೇ ಆಶೀರ್ವಾದದ ದಾರಿ ಎಂದು ಚಿಕ್ಕಂದಿನಿಂದ ಕಲಿತವನು ನಾನು. ಅದು ನಿಜವಾದರೆ ಈ ಎಂಟು ತಿಂಗಳನ್ನು ಏನೆಂದು ಓದಲಿ? ನಿಜವಲ್ಲವಾದರೆ ಆ ಅಧ್ಯಾಯದಲ್ಲಿ ಮೋಶೆ ಅಷ್ಟು ವಿವರವಾಗಿ ಏಕೆ ಹೇಳಿದ? ದಯವಿಟ್ಟು ಸಮಾಧಾನದ ಮಾತು ಬೇಡ. ತಿಳಿದವರು ವಚನವನ್ನು ಬಿಡಿಸಿ ಹೇಳಿರಿ.

ಉತ್ತರ: ನಿವೃತ್ತ ಸಭಾಪಾಲಕ, ಬೆಟಗೇರಿ

ಸಹೋದರರೇ, ನೀವು ಕೇಳಿಕೊಂಡಂತೆ ನೇರವಾಗಿ ವಚನಕ್ಕೇ ಬರುತ್ತೇನೆ. ಆ ಅಧ್ಯಾಯದಲ್ಲಿ 68 ವಚನಗಳಿವೆ. ಆಶೀರ್ವಾದವು ಮೊದಲ 14 ವಚನಗಳಿಗೆ ಮುಗಿಯುತ್ತದೆ. ಉಳಿದ 54 ವಚನಗಳೂ ಶಾಪವೇ. ಇಷ್ಟು ವರ್ಷಗಳ ಸೇವೆಯಲ್ಲಿ 15ನೆಯ ವಚನದಿಂದ ಮುಂದಿನದನ್ನು ಯಾರ ವಾಗ್ದಾನದ ಕಾರ್ಡಿನಲ್ಲಿಯೂ ನಾನು ಕಂಡಿಲ್ಲ. ಆ ತಟ್ಟೆಗೆ ಕಾರ್ಡುಗಳನ್ನು ತುಂಬಿಸಿದವರಲ್ಲಿ ನಾನೂ ಒಬ್ಬನಾಗಿದ್ದರಿಂದ ಇದನ್ನು ದೂರಾಗಿ ಬರೆಯುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಬರೆಯುತ್ತಿದ್ದೇನೆ.

ಮೋವಾಬಿನ ಬಯಲಿನಲ್ಲಿ, ಯೊರ್ದನ್ ಹೊಳೆಯನ್ನು ದಾಟುವ ಮುಂಚೆ, ಒಂದು ಇಡೀ ಜನಾಂಗವನ್ನು ಎದುರಿಗೆ ನಿಲ್ಲಿಸಿಕೊಂಡು ಮೋಶೆ ಆಡಿದ ಮಾತು ಅದು. ಹಿಂದಿನ ಅಧ್ಯಾಯವನ್ನು ಸೇರಿಸಿ ಓದಿದರೆ, ಹೊಳೆ ದಾಟಿದ ಮೇಲೆ ಆರು ಕುಲಗಳು ಗೆರಿಜ್ಜೀಮ್ ಬೆಟ್ಟದ ಮೇಲೆ ಆಶೀರ್ವಾದಕ್ಕಾಗಿಯೂ ಆರು ಕುಲಗಳು ಏಬಾಲ್ ಬೆಟ್ಟದ ಮೇಲೆ ಶಾಪಕ್ಕಾಗಿಯೂ ನಿಲ್ಲಬೇಕಿತ್ತೆಂಬುದು ತಿಳಿಯುತ್ತದೆ. ಅಲ್ಲಿ ‘ನೀನು’ ಎಂದು ಏಕವಚನದಲ್ಲಿ ಕರೆದಿದ್ದರೂ ಕರೆಸಿಕೊಳ್ಳುತ್ತಿರುವುದು ಇಸ್ರಾಯೇಲೆಂಬ ಸಮುದಾಯ; ಹೊಲದ ಬೆಳೆ, ಕಾಲಕಾಲದ ಮಳೆ, ಹಿಟ್ಟು ನಾದುವ ಮರಿಗೆ, ಎಲ್ಲವೂ ಆ ಸಮುದಾಯದ ನೆಲಕ್ಕೆ ಸೇರಿದ ಮಾತುಗಳು. ಜನರು ನ್ಯಾಯವನ್ನು ಬಿಟ್ಟರೆ ದೇಶ ಹಾಳಾಗುತ್ತದೆ ಎಂದು ಈ ಅಧ್ಯಾಯ ಹೇಳುತ್ತದೆ; ಹಾಳಾಗುತ್ತಿರುವ ದೇಶದಲ್ಲಿ ನ್ಯಾಯವನ್ನು ಬಿಡದ ಒಬ್ಬನಿಗೆ ಸಂಬಳ ತಪ್ಪುವುದಿಲ್ಲ ಎಂದು ಹೇಳುವುದಿಲ್ಲ. ಪ್ರವಾದಿ ಯೆರೆಮೀಯನು ದೇವರ ಮಾತನ್ನು ಕೇಳಿದವನೇ ಅಲ್ಲವೇ? ಅವನನ್ನು ಹಗ್ಗ ಕಟ್ಟಿ ಕೆಸರಿನ ಬಾವಿಗೆ ಇಳಿಸಿದರು.

ಕೂಲಿಯ ಲೆಕ್ಕವನ್ನು ತಿರುಗಿಸಿ ಓದುವುದು ಇನ್ನೂ ಅಪಾಯಕರ. ಮಾತು ಕೇಳಿದರೆ ಸುಖ ಎಂಬುದನ್ನು ಹಿಂದುಮುಂದು ಮಾಡಿ, ಕಷ್ಟವಿದೆ, ಆದ್ದರಿಂದ ಮಾತು ಕೇಳಿಲ್ಲ ಎಂದು ತೀರ್ಮಾನಿಸಿದವರು, ನೀತಿವಂತನಾಗಿದ್ದೂ ಕಷ್ಟಕ್ಕೊಳಗಾದ ಯೋಬನ ಸ್ನೇಹಿತರಾದ ಎಲೀಫಜ, ಬಿಲ್ದದ ಮತ್ತು ಚೋಫರ. ಯೋಬನ ಕುರಿತು ಅವರು ಆಡಿದ ಮಾತುಗಳು ಕೇಳುವುದಕ್ಕೆ ಭಕ್ತಿಯಿಂದಲೇ ಕೂಡಿವೆ. ಆದರೂ ಪುಸ್ತಕದ ಕೊನೆಗೆ ದೇವರ ಕೋಪ ತಿರುಗುವುದು ಅವರ ಮೇಲೆ. ನಿಮ್ಮ ಹಿರಿಯರ ಕೈಗೆ ಆ ಪುಸ್ತಕದ 42ನೆಯ ಅಧ್ಯಾಯವನ್ನು ಕೊಡಬಹುದು.

ಹಾಗಾದರೆ ವಿಧೇಯತೆಗೂ ಆಶೀರ್ವಾದಕ್ಕೂ ನಂಟಿಲ್ಲವೇ? ಇದೆ, ಆದರೆ ಅದು ಕೂಲಿಯ ನಂಟಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಹತ್ತು ಆಜ್ಞೆಗಳಿಗೆ ಮುಂಚೆ ಇರುವ ಮಾತು ಐಗುಪ್ತದಿಂದ ನಿಮ್ಮನ್ನು ಬಿಡಿಸಿದವನು ನಾನೇ ಎಂಬುದು. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಲೂಕನ 15ನೆಯ ಅಧ್ಯಾಯದ ಸಾಮ್ಯದಲ್ಲಿ, ಆಸ್ತಿ ಹಾಳುಮಾಡಿ ಹಿಂತಿರುಗಿದ ತಮ್ಮನಿಗೆ ತಂದೆ ಔತಣ ಮಾಡಿಸಿದಾಗ ಕೋಪಗೊಂಡ ಹಿರಿಯ ಮಗನನ್ನು ನೋಡಿರಿ. ಇಷ್ಟು ವರ್ಷ ದುಡಿದೆ, ನಿನ್ನ ಒಂದು ಅಪ್ಪಣೆಯನ್ನೂ ಮೀರಲಿಲ್ಲ, ನನಗೆ ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಎಂದು ಅವನು ಕೇಳುತ್ತಾನೆ. ಮನೆಯ ಮಗನಾಗಿದ್ದೂ ಅವನು ಆಳಿನ ಲೆಕ್ಕ ಇಟ್ಟುಕೊಂಡಿದ್ದ. ತಂದೆಯ ಉತ್ತರದಲ್ಲಿ ಆಡಿನ ಮರಿಯ ಮಾತೇ ಇಲ್ಲ: ನೀನು ಯಾವಾಗಲೂ ನನ್ನ ಸಂಗಡ ಇದ್ದೀ, ನನ್ನದೆಲ್ಲ ನಿನ್ನದೇ.

ನಮ್ಮ ಕನ್ನಡದಲ್ಲಿ ಇದನ್ನು ತಿಳಿಯುವುದು ಸುಲಭ. ‘ವಿಧೇಯತೆ’ ಎಂಬುದು ಪ್ರಸಂಗಪೀಠದ ಪದ; ಮನೆಯಲ್ಲಿ ನಾವು ‘ಹುಡುಗ ಮಾತು ಕೇಳುತ್ತಾನೆ’ ಎನ್ನುತ್ತೇವೆ. ಹೀಬ್ರೂವಿನ ‘ಶಮಾ’ ಎಂಬ ಕ್ರಿಯಾಪದವೂ ಹೀಗೆಯೇ, ಕಿವಿಗೊಡುವುದಕ್ಕೂ ಹೇಳಿದಂತೆ ನಡೆಯುವುದಕ್ಕೂ ಒಂದೇ ಪದ. ಮಾತು ಕೇಳಬೇಕಾದರೆ ಮಾತಾಡುವವನ ಹತ್ತಿರದಲ್ಲಿರಬೇಕು. ಆ ಹತ್ತಿರದಲ್ಲಿರುವುದನ್ನೇ ನಾನು ಆಶೀರ್ವಾದವೆಂದು ತಿಳಿದಿದ್ದೇನೆ.

ಉತ್ತರ: ಬೆಂಗಳೂರಿನ ಯೌವನಸ್ಥ

ಅಯ್ಯನವರೇ, ನಿಮ್ಮ ವಿವರಣೆಯಿಂದ ನನಗೆ ಬಹಳ ಪ್ರಯೋಜನವಾಯಿತು. ಆದರೆ ಕೊನೆಗೆ ಬರುವ ಹೊತ್ತಿಗೆ ಆಶೀರ್ವಾದವೆಲ್ಲ ಅಟ್ಟದ ಮೇಲೆ ಹೋಗಿ ಕುಳಿತುಬಿಟ್ಟಿತೆಂದು ಅನ್ನಿಸಿತು. ನಾನು ಪೆಂತೆಕೊಸ್ತ ಸಭೆಯಲ್ಲಿ ಬೆಳೆದವನು. ಪ್ರವಾದಿ ಮಲಾಕಿಯನ 3ನೆಯ ಅಧ್ಯಾಯದಲ್ಲಿ ದಶಮಾಂಶವನ್ನು ಭಂಡಾರಕ್ಕೆ ತನ್ನಿರಿ, ನನ್ನನ್ನು ಪರೀಕ್ಷಿಸಿ ನೋಡಿರಿ ಎಂದು ದೇವರೇ ಹೇಳಿರುವಾಗ, ನಾವು ಏಕೆ ಸಂಕೋಚಪಟ್ಟುಕೊಳ್ಳಬೇಕು?

ನನ್ನ ತಾಯಿ ಬೆಳಗಿನ ನಾಲ್ಕಕ್ಕೆ ಮಾರುಕಟ್ಟೆಗೆ ಹೋಗಿ ಹೂವು ತಂದು, ಕಟ್ಟಿ, ಮಾರುತ್ತಿದ್ದರು. ರಾತ್ರಿ ಚಿಲ್ಲರೆಯನ್ನು ಚಾಪೆಯ ಮೇಲೆ ಸುರಿದು ಎಣಿಸಿ, ಹತ್ತರಲ್ಲಿ ಒಂದು ಪಾಲನ್ನು ಮೊದಲು ಹಳೆಯ ಹಾರ್ಲಿಕ್ಸ್ ಡಬ್ಬಿಗೆ ಹಾಕಿದ ಮೇಲೆಯೇ ನಾಳೆಯ ಹೂವಿನ ಹಣವನ್ನು ಎತ್ತಿಡುತ್ತಿದ್ದರು. ನಾವು ಶ್ರೀಮಂತರಾಗಲಿಲ್ಲ, ನಿಜ. ಆದರೆ ಮೂವರು ಮಕ್ಕಳೂ ಓದಿದೆವು, ಒಂದು ರಾತ್ರಿಯೂ ಹಸಿದು ಮಲಗಲಿಲ್ಲ. ಅವರಿಗೆ ಹೀಬ್ರೂ ಗೊತ್ತಿರಲಿಲ್ಲ. ದೇವರು ಮಾತಿಗೆ ತಪ್ಪುವವನಲ್ಲ ಎಂಬುದಷ್ಟೇ ಗೊತ್ತಿತ್ತು. ಪ್ರಶ್ನೆ ಕೇಳಿದ ಅಣ್ಣನವರಿಗೂ ನಾನು ಹೇಳುವುದು ಇದನ್ನೇ: ವಾಗ್ದಾನವನ್ನು ಕನ್ನಡಿಯಿಂದ ತೆಗೆಯಬೇಡಿರಿ, ಕಾದಿರಿ.

ಉತ್ತರ: ನಿವೃತ್ತ ಸಭಾಪಾಲಕ, ಬೆಟಗೇರಿ

ತಮ್ಮಾ, ನಿಮ್ಮ ತಾಯಿಯವರ ಡಬ್ಬಿಯ ಎದುರಿಗೆ ನನ್ನ ವ್ಯಾಕರಣ ತಲೆತಗ್ಗಿಸುತ್ತದೆ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಮಲಾಕಿಯನು ಹೇಳುವ ಭಂಡಾರ ದೇವಾಲಯದ ಉಗ್ರಾಣ. ಅಲ್ಲಿಗೆ ಧಾನ್ಯ ಬಾರದಿದ್ದಾಗ ದೇವಾಲಯದ ಸೇವಕರಾದ ಲೇವಿಯರು ಸೇವೆಯನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋದದ್ದನ್ನು ನೆಹೆಮೀಯನ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಿಮ್ಮ ತಾಯಿ ಕೊಟ್ಟದ್ದು ನಂಬಿಕೆಯಿಂದ; ಅದನ್ನು ಹೂಡಿಕೆಯೆಂದು ಕಲಿಸುವವರ ಬಗ್ಗೆ ನನ್ನ ತಕರಾರು ಹಾಗೆಯೇ ಉಳಿಯುತ್ತದೆ.

ಉತ್ತರ: ಕೊಳ್ಳೇಗಾಲದ ಶಿಕ್ಷಕಿ

ಇಬ್ಬರೂ ಹೇಳಿದ್ದು ನಮ್ಮ ಒಂದೇ ಮನೆಯಲ್ಲಿ ನಡೆದಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ನನ್ನ ತಾತ ಕುಡಿತ ಬಿಟ್ಟದ್ದು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ನಂತರ. ಬಿಟ್ಟ ಮೂರನೆಯ ವರ್ಷಕ್ಕೆ ಗುಡಿಸಲಿಗೆ ಹೆಂಚು ಬಂತು. ಹಿಂದೆ ವಾರದ ಕೂಲಿ ಹೋಗುತ್ತಿದ್ದ ದಾರಿ ಬದಲಾದ ಮೇಲೆ ಹೆಂಚು ಬರದೆ ಏನು? ಇದನ್ನು ಆಶೀರ್ವಾದವಲ್ಲ ಎನ್ನುವ ಧೈರ್ಯ ನನಗಿಲ್ಲ. ಜ್ಞಾನೋಕ್ತಿಗಳ ಪುಸ್ತಕದ ತುಂಬ ಇರುವುದು ಇಂಥ ಹೆಂಚಿನ ಲೆಕ್ಕವೇ: ದುಡಿಯುವವನು ಉಣ್ಣುತ್ತಾನೆ, ಕುಡುಕನ ಮೈಮೇಲೆ ಚಿಂದಿ ಉಳಿಯುತ್ತದೆ. ಆದರೆ ಅದೇ ತಾತನನ್ನು ಅದೇ ದೀಕ್ಷಾಸ್ನಾನದ ಕಾರಣಕ್ಕೆ ಅಣ್ಣತಮ್ಮಂದಿರು ಹೊಲದ ಪಾಲಿನಿಂದ ಹೊರಗಿಟ್ಟರು. 1850ರಷ್ಟು ಹಿಂದೆಯೇ, ಧರ್ಮ ಬದಲಿಸಿದವನ ಪಿತ್ರಾರ್ಜಿತ ಹಕ್ಕು ಹೋಗುವುದಿಲ್ಲವೆಂದು ಕಾಯಿದೆ ಬಂದಿತ್ತಂತೆ. ತಾತನಿಗೆ ಅದನ್ನು ಹೇಳುವವರು ಯಾರಿದ್ದರು? ಮಾರ್ಕನ 10ನೆಯ ಅಧ್ಯಾಯದಲ್ಲಿ, ನನಗಾಗಿ ಮನೆ ಹೊಲಗಳನ್ನು ಬಿಟ್ಟವನಿಗೆ ನೂರರಷ್ಟು ಸಿಗುವುದೆಂದು ಯೇಸುಸ್ವಾಮಿ ಹೇಳುವಾಗ, ಮನೆ, ಅಣ್ಣತಮ್ಮಂದಿರು, ತಾಯಂದಿರು, ಹೊಲ ಎಂದು ಎಣಿಸುತ್ತಾ ಹೋಗಿ, ಅದೇ ಉಸಿರಿನಲ್ಲಿ ಹಿಂಸೆಯನ್ನೂ ಸೇರಿಸುತ್ತಾರೆ. ಪಟ್ಟಿಯಲ್ಲಿ ಆ ಒಂದನ್ನು ಬಿಟ್ಟು ಓದುವುದು ನಮಗೆ ರೂಢಿಯಾಗಿದೆ.

ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ತಂದೆತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನನ್ನೂ ಕಳೆದುಕೊಂಡರು. ಇದೆಲ್ಲ ಅವರು ಕ್ರೈಸ್ತರಾಗುವ ಮುಂಚಿನ ಮಾತು ಎನ್ನಬಹುದು. 1883ರಲ್ಲಿ ದೀಕ್ಷಾಸ್ನಾನವಾದ ಮೇಲೆ ನಡೆದದ್ದೇನು? ವಿಧವೆಯರಿಗಾಗಿ ತೆರೆದ ಶಾರದಾ ಸದನದಿಂದ, ಮತಾಂತರದ ಗುಮಾನಿಯ ಮೇಲೆ, 1893ರಲ್ಲಿ ಬೆಂಬಲಿಗರು ದೂರವಾದರು, ಹೆಣ್ಣುಮಕ್ಕಳನ್ನೂ ಬಿಡಿಸಿಕೊಂಡು ಹೋದರು. ಕೆಲವೇ ವರ್ಷಗಳಲ್ಲಿ ಬರ ಬಂದಾಗ, ಕೇಡಗಾಂವದ ‘ಮುಕ್ತಿ’ ಎಂಬ ತಮ್ಮ ಆಶ್ರಯಧಾಮದಲ್ಲಿ ನೂರಾರು ಹಸಿದ ಹುಡುಗಿಯರಿಗೆ ಅನ್ನ ಹಾಕಿದರು. ಒಬ್ಬಳೇ ಮಗಳು ಮನೋರಮಾ 1921ರಲ್ಲಿ ತೀರಿಕೊಂಡರು, ಮರುವರ್ಷ ತಾಯಿ. ಅವರಿಗೆ ಆಶೀರ್ವಾದವಾಯಿತೋ ಇಲ್ಲವೋ ಎಂದು ಆ ನೂರಾರು ಹುಡುಗಿಯರನ್ನು ಕೇಳಬೇಕಾಗಿತ್ತು. ಅಬ್ರಹಾಮನಿಗೂ ದೇವರು ಹೇಳಿದ್ದು ಹೀಗೆಯೇ: ನೀನು ನನ್ನ ಮಾತು ಕೇಳಿದ್ದರಿಂದ ಭೂಮಿಯ ಎಲ್ಲ ಜನಾಂಗಗಳಿಗೂ ಆಶೀರ್ವಾದ. ಮಾತು ಕೇಳಿದವನು ಒಬ್ಬ. ಪಾಲು ಸಿಕ್ಕಿದ್ದು ಅವನನ್ನು ನೋಡದವರಿಗೆ.

ಕುಂಬಳಕಾಯಿಯ ವಿಷಯವನ್ನೂ ಬಿಡಲಾರೆ. ಏನನ್ನೂ ಉಳಿಸಬೇಡ ಎಂಬ ದೇವರ ಅಪ್ಪಣೆಯನ್ನು ಮೀರಿ ಶತ್ರುಗಳಾದ ಅಮಾಲೇಕ್ಯರ ಕೊಬ್ಬಿದ ಕುರಿಗಳನ್ನು ಉಳಿಸಿಕೊಂಡ ಅರಸ ಸೌಲನು, ಯಜ್ಞಕ್ಕೆಂದೇ ಉಳಿಸಿದೆವು ಎಂದು ಪ್ರವಾದಿ ಸಮುವೇಲನಿಗೆ ಹೇಳಿದ. ಸಮುವೇಲನು ಕೇಳಿದ್ದು, ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಅರಚಾಟ ಏನು ಎಂದು. ಚಪ್ಪಾಳೆಯ ಸದ್ದಿನಲ್ಲಿ ನಿಮ್ಮ ಸಭೆಗೆ ಅದು ಕೇಳಿಸಲಿಲ್ಲ. ನಿಮಗೆ ಕೇಳಿಸಿತು, ಅಣ್ಣಾ. ಅದಕ್ಕಾಗಿಯೇ ಕೊತ್ತಂಬರಿ ಕಟ್ಟನ್ನೂ ಕೂಗಲಾಗದೆ ನಿಂತಿರಿ.

ಉತ್ತರ: ಮಂಗಳೂರಿನ ಕಥೋಲಿಕ

ನಾನು ಬೇರೆ ಧರ್ಮಸಭೆಗೆ ಸೇರಿದವನಾದರೂ ಎರಡು ಮಾತಿಗೆ ಅವಕಾಶ ಕೊಡಿ. ನಮ್ಮ ಮನೆಗಳಲ್ಲಿ ವಿಧೇಯತೆ ಎಂದರೆ ಮೊದಲು ನೆನಪಾಗುವವಳು ಮಾತೆ ಮರಿಯ. ನಾನು ಪ್ರಭುವಿನ ದಾಸಿ, ನಿನ್ನ ಮಾತಿನಂತೆ ಆಗಲಿ ಎಂದವಳಿಗೆ, ಮಗುವನ್ನು ದೇವಾಲಯಕ್ಕೆ ತಂದ ದಿನವೇ ಮುದುಕ ಸಿಮೆಯೋನನು ಕೊಟ್ಟ ಆಶೀರ್ವಾದದಲ್ಲಿ ಒಂದು ಕತ್ತಿಯೂ ಇತ್ತು; ಅದು ನಿನ್ನ ಪ್ರಾಣವನ್ನೂ ತಿವಿಯುವುದು ಎಂದ. ಲೂಕನು ಈ ವಾಕ್ಯಕ್ಕೆ ಮುಂಚೆ ಸಿಮೆಯೋನನು ಅವರನ್ನು ಆಶೀರ್ವದಿಸಿದನೆಂದೇ ಬರೆಯುತ್ತಾನೆ, ಗಮನಿಸಿ. ಮುಂದೆ ಒಬ್ಬ ಹೆಂಗಸು ಗುಂಪಿನೊಳಗಿಂದ, ನಿನ್ನನ್ನು ಹೆತ್ತವಳು ಧನ್ಯಳು ಎಂದು ಕೂಗಿದಾಗ, ದೇವರ ವಾಕ್ಯವನ್ನು ಕೇಳಿ ಅದರಂತೆ ನಡೆಯುವವರು ಧನ್ಯರು ಎಂದು ಯೇಸು ತಿದ್ದಿದರು. ಬೆಟ್ಟದ ಪ್ರಸಂಗದಲ್ಲಿ ಬಡವರಿಗೂ ದುಃಖಿಸುವವರಿಗೂ ನೀತಿಯ ನಿಮಿತ್ತ ಹಿಂಸೆಗೊಳಗಾದವರಿಗೂ ಇಟ್ಟ ಪದವೂ ಅದೇ, ‘ಧನ್ಯರು’. ಆ ಪದವನ್ನು ಹನ್ನೆರಡು ಸಾವಿರಕ್ಕೆ ಹರಾಜು ಹಾಕಲು ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಯ್ಯನವರು ಹೇಳಿದಂತೆ ಆ ಅಧ್ಯಾಯದ 68 ವಚನಗಳನ್ನೂ ನಿನ್ನೆ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಿದೆವು. ಮಗಳು 30ನೆಯ ವಚನದ ಹತ್ತಿರ ಹೆದರಿ ತಾಯಿಯ ಮಗ್ಗುಲಿಗೆ ಸರಿದಳು. ಆಡಿನ ಮರಿಯ ಲೆಕ್ಕ ಇಟ್ಟುಕೊಂಡಿದ್ದವನು ನಾನೇ ಎಂಬುದನ್ನು ಒಪ್ಪಿಕೊಳ್ಳಬೇಕು. ಹನ್ನೊಂದು ವರ್ಷ ಲೆಕ್ಕ ಬರೆದವನಿಗೆ ಅದು ಬೇಗ ಬಿಡುವುದಿಲ್ಲ. ಕಾರ್ಡು ಕನ್ನಡಿಯ ಮೂಲೆಯಲ್ಲಿಯೇ ಇದೆ. ಬಿಟ್ಟುಹೋಗಿದ್ದ ಷರತ್ತನ್ನು ನನ್ನ ಹೆಂಡತಿ ನೀಲಿ ಪೆನ್ನಿನಿಂದ ಅದರ ಅಂಚಿನಲ್ಲಿ ಬರೆದಿದ್ದಾಳೆ.

ಕೆಲಸ ಇನ್ನೂ ಸಿಕ್ಕಿಲ್ಲ. ಎರಡು ಅಂಗಡಿಗಳವರು ತಿಂಗಳ ಲೆಕ್ಕ ಬರೆದುಕೊಡಲು ಕೇಳಿದ್ದಾರೆ, ಮನೆ ಬಾಡಿಗೆಯ ಅರ್ಧದಷ್ಟಾಗುತ್ತದೆ. ಈ ಭಾನುವಾರ ಆರಾಧನೆಗೆ ಮುಂಚೆ ಸಭಾಪಾಲಕರನ್ನು ಕಂಡು, ಸಾಕ್ಷಿಗೆ ಐದು ನಿಮಿಷ ಕೊಡಿ ಎಂದು ಮತ್ತೊಮ್ಮೆ ಕೇಳುತ್ತೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಕೆಲಸ ಸಿಕ್ಕ ಮೇಲೆ ಹೇಳಿ ಎಂದು ಮತ್ತೆ ಅಂದರೆ, ಸಿಕ್ಕ ಮೇಲೆ ಹೇಳುವ ಸಾಕ್ಷಿ ಬೇರೆಯದಾಗುತ್ತದೆ ಎಂದು ಹೇಳುತ್ತೇನೆ.